ಒಂಬತ್ತರಲ್ಲೇ ನಿಲ್ಲಿಸಬೇಕೆ? ಗೆಳೆಯನಿಗೊಂದು ಪತ್ರ

ಗೆಳೆಯಾ,

ದಾವಣಗೆರೆಯಲ್ಲಿ ಸ್ವಚ್ಛತೆಯ ಕೆಲಸವನ್ನು ಗುತ್ತಿಗೆಗೆ ಹಿಡಿಯುವ ಉದ್ಯಮ ಆರಂಭಿಸುತ್ತೇನೆಂದು ತಿಳಿಸಿದಾಗ, ದುಡ್ಡು ಕೊಡುವವರು ಯಾರು ಎಂದು ನೀನು ಕೇಳಿದ್ದೆ. ಹಳೆಯ ಗುಂಪಿನವರೂ ಅದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದುವಂತೆ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ಮನೆಗಳ ಆಸೆಯನ್ನು ಬೇಗ ಬಿಟ್ಟೆ. ಮನೆಗೆಲಸದಾಕೆಗೆ ತಿಂಗಳಿಗೆ ಕೊಡುವ ಸಂಬಳವೇ ಇಲ್ಲಿ ಎಲ್ಲ ದರಗಳಿಗೂ ಅಳತೆಗೋಲು. ಯುಗಾದಿಗೆ, ದೀಪಾವಳಿಗೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಇಡೀ ಮನೆ ತೊಳೆಸಿಕೊಂಡವರು ಮುಂದಿನ ಹಬ್ಬದವರೆಗೆ ನಮ್ಮನ್ನು ನೆನೆಯುವುದಿಲ್ಲ. ಕಲ್ಯಾಣ ಮಂಟಪಗಳು ಒಳ್ಳೆಯ ಹಣ ಕೊಡುತ್ತವೆ, ಆದರೆ ಆಷಾಢದಲ್ಲೂ ಧನುರ್ಮಾಸದಲ್ಲೂ ಬೀಗ ಹಾಕಿರುತ್ತವೆ. ಕೆಲಸದವರ ಹೊಟ್ಟೆ ಮುಹೂರ್ತ ನೋಡಿ ಹಸಿಯುವುದಿಲ್ಲವಲ್ಲ.

ಉಳಿದದ್ದು ಈ ಊರಿನ ನಿಜವಾದ ಕಸುಬು. ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ದಾವಣಗೆರೆಯನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಓದು ಮತ್ತು ಆಸ್ಪತ್ರೆಗಳ ಪಾಲು ದೊಡ್ಡದು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು, 1979ರಲ್ಲಿ ಬಾಪೂಜಿ ದಂತವೈದ್ಯಕೀಯ ಕಾಲೇಜು ಬಂತು. ಇಲ್ಲಿ ಕಲಿತವರಲ್ಲಿ ಅನೇಕರು ಇಲ್ಲಿಯೇ ಬೋರ್ಡು ಹಾಕಿದರು. ಪಿ.ಜೆ. ಬಡಾವಣೆಯ ಸುತ್ತ ಒಂದು ಸಂಜೆ ನಡೆದರೆ ನರ್ಸಿಂಗ್ ಹೋಮ್, ಲ್ಯಾಬ್, ಹಲ್ಲಿನ ಕ್ಲಿನಿಕ್ ಒಂದರ ಪಕ್ಕ ಒಂದು ಕಾಣಿಸುತ್ತವೆ. ದೊಡ್ಡ ಆಸ್ಪತ್ರೆಗಳಿಗೆ ತಮ್ಮದೇ ಸಿಬ್ಬಂದಿ ಇದ್ದಾರೆ. ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಮಾತ್ರ ಆಯಾ ರಜೆ ಹಾಕಿದ ದಿನ ಕೈಕಾಲೇ ಆಡುವುದಿಲ್ಲ. ಅವರಿಗೆ ನೆಲ ಒರೆಸುವುದು ದಿನವೂ ತಪ್ಪದ ಕೆಲಸ, ಹಣ ತಿಂಗಳು ತಿಂಗಳಿಗೆ ಬರುತ್ತದೆ, ಒಂದು ಕಟ್ಟಡ ಮುಗಿಸಿದವರು ಇನ್ನೊಂದಕ್ಕೆ ನಡೆದೇ ಹೋಗಬಹುದು. ಆಟೋ ಖರ್ಚಿನಲ್ಲಿ ಲಾಭ ಸೋರಿಹೋಗುವ ಈ ವ್ಯವಹಾರದಲ್ಲಿ ಅದು ಸಣ್ಣ ಮಾತಲ್ಲ.

ಇನ್ನೊಂದು ವಿಷಯವೂ ಇದೆ. ನಮ್ಮಂಥ ಸೇವೆಗೆ ಶೇ. 18 ಜಿ.ಎಸ್.ಟಿ. ಬೀಳುತ್ತದೆ. ಚಿಕಿತ್ಸೆಗೆ ತೆರಿಗೆ ವಿನಾಯಿತಿ ಇರುವುದರಿಂದ ವೈದ್ಯರು ಈ ಹಣವನ್ನು ಮರಳಿ ಪಡೆಯಲಾರರು. ಅದು ಪೂರ್ತಿ ಅವರ ಖರ್ಚು. ವರ್ಷದ ವಹಿವಾಟು 20 ಲಕ್ಷ ದಾಟದವರಿಗೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ಆರಂಭದಲ್ಲಿ ತೆರಿಗೆ ಸೇರದ ನನ್ನಂಥ ಸಣ್ಣವನ ದರ ಅವರಿಗೆ ಹಗುರವೆನಿಸುತ್ತದೆ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ನಿನಗೆ ಅರ್ಧ ಹೇಳಿ ನನಗೆ ಅಭ್ಯಾಸವಿಲ್ಲ.

ಲೆಕ್ಕ ನೋಡಿಕೊಡುವ ಪರಿಚಯದವರೊಬ್ಬರು ನನ್ನ ಕೊಟೇಷನ್ ಓದಿ, 'ಕೆಲಸದವರನ್ನು ಒಂಬತ್ತಕ್ಕೇ ನಿಲ್ಲಿಸು, ಲಾಭ ಇರುವುದು ಅಲ್ಲಿ' ಎಂದರು. ಹತ್ತು ಜನರಾದರೆ ಇ.ಎಸ್.ಐ., ಅಂದರೆ ಕೆಲಸಗಾರರ ಚಿಕಿತ್ಸೆಯ ವಿಮೆ, ಕಟ್ಟಬೇಕು, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರ ಹೆಸರಿನಲ್ಲಿ ಮಾಲೀಕ ಸಂಬಳದ ಶೇ. 3.25, ಕೆಲಸಗಾರ ಶೇ. 0.75. ಆ ಮಾತು ಕೇಳಿ ನನಗೆ ಸಂತೋಷವಾಯಿತು, ಗೆಳೆಯಾ. ಒಂದು ದಾರಿ ಸಿಕ್ಕಿತೆಂಬ ಸಂತೋಷ ರಾತ್ರಿಯವರೆಗೂ ಇತ್ತು. ಮಲಗಿದಾಗ ಸೂಜಿಗಳು ನೆನಪಾದವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಬಿಳಿಯ ಡಬ್ಬಿಗೆ, ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆ ಕೆಂಪು ಚೀಲಕ್ಕೆ ಹೋಗಬೇಕು. ಅದನ್ನು ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರಬೇಕು. ಎಲ್ಲ ಕಡೆ ಎಲ್ಲವೂ ಹಾಗೆಯೇ ನಡೆಯುತ್ತದೆಂದು ಯಾರು ಭರವಸೆ ಕೊಡುತ್ತಾರೆ? ಕಸದ ಚೀಲದೊಳಗಿನ ಸೂಜಿ ಚುಚ್ಚುವುದು ನನ್ನ ಬೆರಳಿಗಲ್ಲ, ಚೀಲ ಎತ್ತುವಾಕೆಯ ಬೆರಳಿಗೆ. ಮಾಪು, ಫಿನಾಯಿಲ್, ಬ್ಲೀಚಿಂಗ್ ಪುಡಿ ಎಲ್ಲರಿಗೂ ಒಂದೇ ಬೆಲೆಗೆ ಸಿಗುವಾಗ, ನನ್ನ ಹಾಳೆಯಲ್ಲಿ ಕುಗ್ಗಿಸಲು ಸಾಧ್ಯವಿದ್ದ ಸಾಲು ಅವಳದೊಂದೇ ಆಗಿತ್ತು. ಗಿರಣಿಯಲ್ಲಿ ದುಡಿದ ಅಪ್ಪನಿಗೆ ಇ.ಎಸ್.ಐ. ಚೀಟಿ ಇದ್ದುದರಿಂದಲೇ ಅವರ ಕೆಮ್ಮಿಗೆ ಔಷಧ ಸಿಕ್ಕಿತ್ತೆಂಬುದು ನಿನಗೆ ಗೊತ್ತು. ಇದನ್ನು ಎಲ್ಲರೆದುರು ಬರೆಯುವ ಉದ್ದೇಶ ನನಗಿರಲಿಲ್ಲ.

ಈಗ ಹೊಸ ಕೊಟೇಷನ್ ಸಿದ್ಧವಾಗಿದೆ. ಕನಿಷ್ಠ ವೇತನ, ಇ.ಎಸ್.ಐ., ಲಸಿಕೆ, ದಪ್ಪ ಕೈಗವಸು ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಕಾಣುವಂತೆ ಬರೆದು, ಹತ್ತು ಜನರಿಂದಲೇ ಆರಂಭಿಸಲು ಬೇಕಾಗುವಷ್ಟು ಕ್ಲಿನಿಕ್‌ಗಳನ್ನು ಒಟ್ಟಿಗೆ ಹಿಡಿಯಲು ಓಡಾಡುತ್ತಿದ್ದೇನೆ. ಹತ್ತು ಜನರ ಸಂಬಳವೆಂದರೆ 20 ಲಕ್ಷದ ಗಡಿಯೂ ಬೇಗ ಹತ್ತಿರವಾಗುತ್ತದೆ, ದರ ಏರುತ್ತದೆ. ದರ ನೋಡಿ ಹಾಳೆ ಮಡಚಿದವರಿದ್ದಾರೆ. ಒಬ್ಬ ವೈದ್ಯೆ ಮಾತ್ರ ಲಸಿಕೆಯ ಸಾಲಿನ ಮೇಲೆ ಬೆರಳಿಟ್ಟು, ಅದು ನಿಯಮದಂತೆ ತಮ್ಮ ಹೊಣೆ, ತಾವೇ ಹಾಕಿಸುತ್ತೇವೆ ಎಂದರು. ನನಗೆ ಬೇಕಾದ ಗ್ರಾಹಕರು ಅಂಥವರು.

ಸಾಕು, ಭಾರವಾಯಿತು. ನೀನು ಮುಂದಿನ ಬಾರಿ ಬಂದಾಗ ಬೆಣ್ಣೆ ದೋಸೆಯ ಖರ್ಚು ನನ್ನದು. ಬರುವಾಗ ನಿಮ್ಮೂರಿನ ನರ್ಸಿಂಗ್ ಹೋಮ್‌ಗಳು ತಿಂಗಳಿಗೆ ಎಷ್ಟು ಕೊಡುತ್ತವೆಂದು ವಿಚಾರಿಸಿಕೊಂಡು ಬಾ.

ನಿನ್ನವನೇ