ಗ್ವಾಯಕಾಲ್ ಮಾರಾಟದಲ್ಲಿನ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳೇ,

ನಮಸ್ಕಾರಗಳು. ಬರುವ ತಿಂಗಳ ಒಂದನೇ ತಾರೀಖಿನಿಂದ, ಹೊಗೆಯಂಥ ವಾಸನೆಗಾಗಿ ಬಳಸುವ ರಾಸಾಯನಿಕವಾದ ಗ್ವಾಯಕಾಲನ್ನು ಶುದ್ಧ ರೂಪದಲ್ಲಿ ಅರ್ಧ ಕಿಲೋಗಿಂತ ಕಡಿಮೆ ತೂಕದಲ್ಲಿ ಬಿಡಿಯಾಗಿ ತೂಗಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಸಣ್ಣ ಪ್ರಮಾಣದಲ್ಲಿ ಬೇಕಾದವರಿಗೆ ಶೇ. 10ರ ದ್ರಾವಣ ಸಿಗುತ್ತದೆ. ಶುದ್ಧ ಮಾಲಾಗಲಿ ದ್ರಾವಣವಾಗಲಿ, ಇನ್ನು ಮುಂದೆ ಕಂದು ಗಾಜಿನ ಬಾಟಲಿಯಲ್ಲಿ, ಟೆಫ್ಲಾನ್ ಪದರವಿರುವ ಮುಚ್ಚಳದೊಂದಿಗೆ ಮಾತ್ರ ಬರುತ್ತದೆ. ಇದರಿಂದ ಬೆಲೆ ಏರುವುದು ನಿಜ, ತಮಗಾಗುವ ತೊಂದರೆಗೆ ಕ್ಷಮೆ ಕೋರುತ್ತೇವೆ. ಆದರೆ ಏರಿದ ಹಣ ನಮ್ಮ ಗಲ್ಲಾಪೆಟ್ಟಿಗೆಗೆ ಹೋಗುತ್ತಿದೆ ಎಂಬ ಮಾತು ಕಿವಿಗೆ ಬಿದ್ದಿರುವುದರಿಂದ ಲೆಕ್ಕ ಬಿಡಿಸಿ ಹೇಳಲೇಬೇಕಾಗಿದೆ.

ಪ್ಲಾಸ್ಟಿಕ್ ಬಾಟಲಿಗಿಂತ ಗಾಜಿನದು ದುಬಾರಿ. ಟೆಫ್ಲಾನ್ ಪದರದ ಮುಚ್ಚಳಕ್ಕೆ ಬೇರೆ ಹಣ. ಗಾಜು ಒಡೆಯದಂತೆ ಒಳಪೆಟ್ಟಿಗೆ, ಹೊರಪೆಟ್ಟಿಗೆ, ನಡುವೆ ತುಂಬುವ ಹೊಟ್ಟು. ಇಷ್ಟೂ ಸೇರಿ ಹೆಚ್ಚಿದ ತೂಕಕ್ಕೆ ಕೊರಿಯರ್ ದರ, ಇವೆಲ್ಲದರ ಮೇಲೆ ಜಿಎಸ್‌ಟಿ. ಈ ವಸ್ತುವಿನ ಹೊಗೆಯಂಥ ವಾಸನೆ ಪ್ಲಾಸ್ಟಿಕ್ ಗೋಡೆಯನ್ನೂ ನಿಧಾನವಾಗಿ ದಾಟಿ ಪಕ್ಕದ ಪಾರ್ಸೆಲ್‌ಗಳಿಗೆ ಅಂಟಿಕೊಳ್ಳುತ್ತದೆಂದು ನಮ್ಮ ಕೊರಿಯರ್‌ನವರು ಪೆಟ್ಟಿಗೆಯನ್ನೇ ಹಿಂದಿರುಗಿಸಿದ್ದುಂಟು. ಹೋದ ಬಾಡಿಗೆ, ಬಂದ ಬಾಡಿಗೆ ಎರಡನ್ನೂ ತೆತ್ತವರು ನಾವೇ, ಅದನ್ನು ಯಾರ ಬಿಲ್ಲಿಗೂ ಸೇರಿಸಲಿಲ್ಲ.

ಇನ್ನು, ಪ್ರತಿ ಚಳಿಗಾಲದಲ್ಲೂ ಕೇಳಿಬರುವ ದೂರು: "ಮಾಲು ಗಟ್ಟಿಯಾಗಿದೆ, ಮೇಣ ಬೆರೆಸಿದ್ದೀರಿ." ಈ ಮಾತು ನಮಗೆ ನೋವುಂಟುಮಾಡಿದೆ. ಗ್ವಾಯಕಾಲ್ ಕರಗುವುದೇ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಏಪ್ರಿಲ್‌ನಲ್ಲಿ ಎಣ್ಣೆಯಂತೆ ಹರಿಯುವ ಅದೇ ವಸ್ತು ಮೈಸೂರಿನ ಡಿಸೆಂಬರ್ ರಾತ್ರಿಯಲ್ಲಿ ಹರಳುಗಟ್ಟುವುದು ಅದರ ಸಹಜ ಗುಣ. ಕಲಬೆರಕೆಯಿದ್ದರೆ ಕರಗುವ ಬಿಂದು ಕೆಳಗಿಳಿಯುತ್ತದೆ, ಆದ್ದರಿಂದ ಚೆನ್ನಾಗಿ ಹೆಪ್ಪುಗಟ್ಟಿದ ಬಾಟಲಿಯನ್ನು ಶುದ್ಧತೆಯ ಪರವಾದ ಸಾಕ್ಷಿಯೆಂದೇ ಎಣಿಸಬೇಕು. ಒಂದೇ ಲಾಟಿನ ಎರಡು ಬಾಟಲಿಗಳಲ್ಲಿ ಒಂದು ಗಟ್ಟಿ, ಇನ್ನೊಂದು ನೀರಾಗಿರುವುದನ್ನು ಕಂಡು ಅನುಮಾನಪಟ್ಟವರೂ ಇದ್ದಾರೆ. ಈ ವಸ್ತು 28 ಡಿಗ್ರಿಗಿಂತ ಕೆಳಗಿಳಿದರೂ ಹರಳಿನ ಒಂದು ಕಣ ಹುಟ್ಟುವವರೆಗೆ ದ್ರವವಾಗಿಯೇ ಉಳಿಯಬಲ್ಲದು. ದಾರಿಯಲ್ಲಿ ಕುಲುಕಿದ ಬಾಟಲಿ ಮೊದಲು ಗಟ್ಟಿಯಾಗುವುದೂ ಉಂಟು.

ಅನುಮಾನ ಉಳಿದವರು ತಾವೇ ಪರೀಕ್ಷಿಸಬಹುದು. ಕೈಗವಸು, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು, ಒಂದು ಚಿಕ್ಕ ಹರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಮೇಣ ತೇಲುತ್ತದೆ. ಗ್ವಾಯಕಾಲ್ ನೀರಿಗಿಂತ ಭಾರವಾದ್ದರಿಂದ ತಳ ಸೇರಿ, ಅಲ್ಲೇ ನಿಧಾನವಾಗಿ ಸವೆಯುತ್ತದೆ. ಇನ್ನೊಂದು ಹರಳನ್ನು ಆಲ್ಕೊಹಾಲಿಗೆ ಹಾಕಿದರೆ ಪೂರ್ತಿ ಕರಗಿ ತಿಳಿಯಾಗುತ್ತದೆ, ಮೇಣವಾದರೆ ಕರಗದೆ ಉಳಿಯುತ್ತದೆ. ಬಣ್ಣದ ವಿಷಯವೂ ಇಷ್ಟೆ: ಗಾಳಿ, ಬೆಳಕು, ಕಬ್ಬಿಣ ಈ ಮೂರೂ ಇದನ್ನು ಹಳದಿಗೆ, ಮುಂದೆ ಕಂದಿಗೆ ತಿರುಗಿಸುತ್ತವೆ. ಕಂದು ಗಾಜಿಗೆ ಹೋದದ್ದು ಅದಕ್ಕೇ. ತಾವೂ ಕಬ್ಬಿಣದ ಚಮಚ, ತಗಡಿನ ಡಬ್ಬಿ ಬಳಸಬೇಡಿ. ಬಿಳಿ ಸಾಬೂನು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಿಡಿ ಮಾರಾಟ ನಿಲ್ಲಿಸಿದ್ದಕ್ಕೆ ಮುಖ್ಯ ಕಾರಣವೂ ಈ ಗಟ್ಟಿಯಾಗುವಿಕೆಯೇ. ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದವರು, ಬಾಟಲಿಯನ್ನು ಗ್ಯಾಸ್ ಒಲೆಯ ಪಕ್ಕ ಇಟ್ಟವರು ನಮ್ಮ ಗ್ರಾಹಕರಲ್ಲೇ ಇದ್ದಾರೆ. ಇದು ಸುಮಾರು 82 ಡಿಗ್ರಿಗೆ ಬಿಸಿಯಾದರೆ ಅದರ ಆವಿಗೆ ಬೆಂಕಿ ಹೊತ್ತಬಲ್ಲದು. ಚರ್ಮಕ್ಕೆ ತಗುಲಿದರೆ ಉರಿ, ಅಲ್ಲದೆ ಚರ್ಮದ ಮೂಲಕ ಮೈಯೊಳಗೂ ಇಳಿಯುತ್ತದೆ, ಕಣ್ಣಿಗೆ ತೀವ್ರ ಬಾಧೆ, ನುಂಗಿದರೆ ಹಾನಿಕರ. ಕರಗಿಸಬೇಕಾದಾಗ ಮುಚ್ಚಳ ತುಸು ಸಡಿಲಿಸಿ, ಕೈ ತಾಳುವಷ್ಟು ಬಿಸಿಯಿರುವ ನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ನಿಲ್ಲಿಸಿ, ಗಾಳಿಯಾಡುವ ಜಾಗದಲ್ಲಿ ಪೂರ್ತಿ ಕರಗುವವರೆಗೆ ಬಿಡಿ. ಅರ್ಧ ಕರಗಿದ್ದನ್ನು ಬಗ್ಗಿಸಿಕೊಂಡರೆ ಮಾಲಿನಲ್ಲಿರುವ ಅಲ್ಪಸ್ವಲ್ಪ ಕಲ್ಮಶವೆಲ್ಲ ಆ ದ್ರವದಲ್ಲೇ ಬಂದು ವಾಸನೆ ಕೆಡುತ್ತದೆ. ನೈಟ್ರೈಲ್ (ಕೃತಕ ರಬ್ಬರ್) ಕೈಗವಸು ಮತ್ತು ರಕ್ಷಣಾ ಕನ್ನಡಕ ಇಲ್ಲದೆ ಮುಚ್ಚಳ ತೆರೆಯಬೇಡಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ ವೈದ್ಯರಲ್ಲಿಗೆ ಹೋಗಿ. ನುಂಗಿದರೆ ವಾಂತಿ ಮಾಡಿಸಬೇಡಿ, ಬಾಟಲಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ. ಚೆಲ್ಲಿದ್ದನ್ನು ಮರಳಿನಲ್ಲಿ ಹೀರಿಸಿ ತೆಗೆಯಬೇಕೇ ಹೊರತು ಮೋರಿಗೆ ತೊಳೆದುಬಿಡಬಾರದು.

ದ್ರಾವಣಕ್ಕೆ ಈ ರಗಳೆ ಬಹುಪಾಲು ಇಲ್ಲ. ನಮ್ಮ ಚಳಿಗೆ ಅದು ಹೆಪ್ಪುಗಟ್ಟುವುದಿಲ್ಲ, ತೂಕವೂ ಸುಲಭ. ಕಾಂಪೌಂಡಿಗೆ, ಅಂದರೆ ತಾವು ಬೆರೆಸುವ ವಾಸನೆಯ ಮಿಶ್ರಣಕ್ಕೆ, 0.2 ಗ್ರಾಂ ಗ್ವಾಯಕಾಲ್ ಬೇಕೆಂದಿಟ್ಟುಕೊಳ್ಳಿ, ಸಾಮಾನ್ಯ ತಕ್ಕಡಿ ಅಷ್ಟನ್ನು ಹಿಡಿಯದು. 2 ಗ್ರಾಂ ದ್ರಾವಣ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ನೂರು ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗವಿದ್ದರೂ ಮೂಗಿಗೆ ಗೊತ್ತಾಗುವ ವಸ್ತುವಿನಲ್ಲಿ ಒಂದು ಹನಿ ಹೆಚ್ಚಾದರೂ ಇಡೀ ಬ್ಯಾಚು ಆಸ್ಪತ್ರೆಯ ವಾಸನೆ ಹೊಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ. ಅಗರಬತ್ತಿಯವರ ದ್ರಾವಣ ಡಿಇಪಿಯಲ್ಲಿದೆ (ಡೈಈಥೈಲ್ ಥಾಲೇಟ್, ಆಹಾರಕ್ಕೆ ಸಲ್ಲದ ದ್ರಾವಕ). ಸಾಸ್, ಮಸಾಲೆ ತಯಾರಕರದು ಆಹಾರದಲ್ಲಿ ಬಳಸುವ ದ್ರಾವಕವಾದ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ, ಆಹಾರ ದರ್ಜೆಯ ಮಾಲಿನಿಂದಲೇ ಮಾಡಿದ್ದು. ಮೊದಲನೆಯದು ಅಗ್ಗವೆಂದು ಅಡುಗೆಯ ಉತ್ಪನ್ನಕ್ಕೆ ಕೇಳಿದರೆ ಕೊಡುವುದಿಲ್ಲ, ಎಷ್ಟೇ ಹಳೆಯ ಗ್ರಾಹಕರಾದರೂ ಸರಿ. ಎರಡೂ ಬಾಟಲಿಗಳ ಚೀಟಿಯ ಬಣ್ಣ ಬೇರೆ ಬೇರೆ ಮಾಡಿದ್ದೇವೆ.

ತಮ್ಮ ಕಾಂಪೌಂಡಿನ ಅಳತೆಯನ್ನು ದ್ರಾವಣಕ್ಕೆ ಹೊಂದಿಸಿಕೊಳ್ಳಲು ಗೊಂದಲವಾದರೆ ಅಂಗಡಿಗೆ ಬನ್ನಿ, ಪಕ್ಕದಲ್ಲಿ ಕುಳಿತು ಲೆಕ್ಕ ಮಾಡಿಕೊಡುತ್ತೇವೆ. ತಮ್ಮ ಸೂತ್ರ ಇನ್ನೊಬ್ಬರ ಕಿವಿಗೆ ಹೋಗದು. ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಲು ಉಳಿದಿದ್ದರೆ ಮುಚ್ಚಳ ಬಿಗಿದು ತನ್ನಿ, ಹಣ ಪಡೆಯದೆ ಗಾಜಿಗೆ ವರ್ಗಾಯಿಸಿಕೊಡುತ್ತೇವೆ. ಪೂರ್ತಿ ಕಂದಾಗಿರುವುದನ್ನು ಮಾತ್ರ ಬಳಸಬೇಡಿ, ನಮಗೆ ಒಪ್ಪಿಸಿ.

ಇತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು, ಮೈಸೂರು