ತಲೆ ಸಿಗದ ಪ್ರಾಣಿಗೆ ಕಣ್ಣು ಬರೆದ ತಮ್ಮನಿಗೆ

ಬೆಂಗಳೂರು

ಪ್ರೀತಿಯ ತಮ್ಮ,

ಮಕ್ಕಳಿಗೆ ಅಂತ ನೀನು ಬರೆದ ಲೇಖನ ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಬಿಡ್ತೀನಿ ಅಂದಿದ್ದೀಯ. ಬಿಡು, ಯಾರು ಬೇಡ ಅಂದರು? ಅದಕ್ಕೂ ಮುಂಚೆ ನಾಲ್ಕನೇ ಪುಟ ಸರಿ ಮಾಡು. ಎಲ್ಲಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು ಅನ್ನೋದನ್ನೆಲ್ಲ ಬೇರೆ ಯಾರನ್ನಾದರೂ ಕೇಳಿಕೋ.

ಎರಡನೇ ಪುಟ ಓದಿ ಖುಷಿಯಾಯಿತು. ಬರಪಾಸಾರಸ್ ಅನ್ನೋ ಡೈನೋಸಾರ್‌ನ ತೊಡೆಮೂಳೆಯೊಂದೇ ಸುಮಾರು 1.7 ಮೀಟರ್, 'ನಮ್ಮಮ್ಮನಿಗಿಂತ ಎತ್ತರ' ಅಂತ ಬರೆದಿದ್ದೀಯಲ್ಲ, ಅದು ನಿನ್ನ ಕಣ್ಣು. ನಾಲ್ಕನೇ ಪುಟದಲ್ಲಿ ಆ ಪ್ರಾಣಿ ಪ್ರವಾಹ ನೋಡಿ 'ಒದ್ದೆ ಕಣ್ಣು ಅರಳಿಸಿತು' ಅಂತೀಯ. ಯಾವ ಕಣ್ಣಪ್ಪಾ? ಅದರ ತಲೆಬುರುಡೆಯೇ ಸಿಕ್ಕಿಲ್ಲ! ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಲ್ಲಿ ಸುಮಾರು 300 ಮೂಳೆ ಸಿಕ್ಕವು, ಕಡಿಮೆ ಅಂದರೂ ಆರು ಪ್ರಾಣಿಗಳದ್ದು. ಕಲ್ಲಾದ ಮರದ ಕಾಂಡಗಳ ಜೊತೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ತಲೆಯ ಕಡೆಯದು ಅಂದರೆ ಚಮಚದಂಥ ಕೆಲವು ಬಿಡಿ ಹಲ್ಲು, ಅಷ್ಟೇ. ಅಗೆದವರು ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು. (ಲೆಕ್ಕದವರಿಗೆ ಡೈನೋಸಾರ್ ಯಾಕೆ ಅಂತ ನಾನೂ ಒಮ್ಮೆ ನಕ್ಕಿದ್ದೆ.) 1961ರಲ್ಲಿ, ಟಾಗೋರರ ಶತಮಾನೋತ್ಸವದ ವರ್ಷ, ಅಗೆತ ನಡೆದಿತ್ತು. ಅದಕ್ಕೇ ಅದರ ಪೂರ್ತಿ ಹೆಸರು 'ಬರಪಾಸಾರಸ್ ಟಾಗೋರೈ'. ಆ ಹೆಸರು ಅಚ್ಚಾಗಿದ್ದು 1975ರಲ್ಲಿ. ಅಷ್ಟು ವರ್ಷ ಮೂಳೆ ತೊಳೆದು, ಅಳೆದು ಕೂತವರೇ ಕಣ್ಣಿನ ಬಗ್ಗೆ ಸುಮ್ಮನಿದ್ದಾರೆ. ನಿನಗೇನು ಅವಸರ? ತಲೆ ಸಿಕ್ಕಿಲ್ಲ ಅಂತಲೇ ಬರೆದಿದ್ದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಓದುತ್ತಿದ್ದರು.

ಬೈಯೋದಕ್ಕೆ ನನಗೆ ಯೋಗ್ಯತೆ ಇಲ್ಲ, ಗೊತ್ತು. ನಿನ್ನ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ಲಾಲ್‌ಬಾಗ್ ಬಂಡೆ ಬಗ್ಗೆ ಬರೆದೆ. ಅದರ ಮೇಲಿನ ಒಂದು ಗುಳಿ 'ಡೈನೋಸಾರ್ ಹೆಜ್ಜೆಯೇ ಇರಬಹುದೇನೋ' ಅಂತ ಸೇರಿಸಿದೆ. ಸುಮ್ನೆ, ಚೆನ್ನಾಗಿ ಕೇಳುತ್ತೆ ಅಂತ. ಸಂಪಾದಕರು ಬೆನ್ನು ತಟ್ಟಿದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. 'ಯಾರು ಹೇಳಿದ್ದು?' ಅಂತ ಒಂದು ಮಾತು ಕೇಳಬಾರದಿತ್ತಾ? ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಆಳದಲ್ಲಿ ಬೆಂದು ಬಂದ ಕಲ್ಲು. ಹೆಜ್ಜೆ ಮೂಡೋಕೆ ಕೆಸರು ಬೇಕು. ನಿನ್ನ ಬರಪಾಸಾರಸ್ ಹುಟ್ಟುವ ಎಷ್ಟೋ ಮುಂಚೆ ಅದು ಗಟ್ಟಿಯಾಗಿಬಿಟ್ಟಿತ್ತು.

ನನ್ನ ಆ ಲೇಖನ ಅಚ್ಚಾಗಿ ಬಂದ ಭಾನುವಾರ ಅಲ್ಲಿಗೆ ಹೋಗಿದ್ದೆ. ಒಬ್ಬಳು ಪುಟ್ಟ ಹುಡುಗಿ ಮಂಡಿಯೂರಿ ಕೂತು ಜಾಮಿಟ್ರಿ ಬಾಕ್ಸಿನ ಸ್ಕೇಲಲ್ಲಿ ಆ ಗುಳಿ ಅಳೆಯುತ್ತಿದ್ದಳು. ಅವರಪ್ಪ ಪತ್ರಿಕೆ ಹಿಡಿದುಕೊಂಡು ನಿಂತಿದ್ದರು. 'ಹನ್ನೊಂದು ಸೆಂಟಿಮೀಟರ್ ಅಪ್ಪಾ, ಮರಿ ಇರಬೇಕು' ಅಂದಳು. ನಾನು ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಈ ಭಾನುವಾರ ಏಳು ಗಂಟೆಗೆ ಬಂಡೆ ಹತ್ತಿರ ಬಾ. ಗುಳಿ ತೋರಿಸುತ್ತೇನೆ, ರಾತ್ರಿ ಮಳೆ ಬಂದಿದ್ದರೆ ನೀರು ನಿಂತಿರುತ್ತೆ. ನಾಲ್ಕನೇ ಪುಟ ಹೊಸದಾಗಿ ಬರೆದು ತಾ.

ನಿನ್ನ
ಹಳೇ ಮೇಷ್ಟ್ರು