ತುಳು ಲಿಪಿಗೊಂದು ಮುಕ್ತ ಫಾಂಟು: ನೆರವಾದವರಿಗೆ ನಮನ

ಮುಕ್ತ ಪರವಾನಗಿಯ ಕನ್ನಡ ಫಾಂಟೊಂದಕ್ಕೆ ತುಳುನಾಡಿನ ಹಳೆಯ ಲಿಪಿಯಾದ ತುಳು-ತಿಗಳಾರಿಯ ಅಕ್ಷರಗಳನ್ನು ಸೇರಿಸುವ ನಮ್ಮ ಕೆಲಸದ ಮೊದಲ ಆವೃತ್ತಿ ಈ ವಾರ ಬಿಡುಗಡೆಯಾಗಿದೆ. ಇದರ ಹಿಂದಿರುವ ದುಡಿಮೆಯಲ್ಲಿ ನಮ್ಮ ಪಾಲು ಚಿಕ್ಕದು. ಆದ್ದರಿಂದ ನೆರವಾದವರನ್ನು ನೆನೆಯುವುದು ಮೊದಲ ಕರ್ತವ್ಯವೆಂದು ಭಾವಿಸಿದ್ದೇವೆ.

ಮೂಲ ಫಾಂಟಿನ ವಿನ್ಯಾಸಕರಿಗೆ ಮೊದಲ ವಂದನೆ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನ ಅಡಿಯಲ್ಲಿರುವ ಫಾಂಟನ್ನು ಯಾರು ಬೇಕಾದರೂ ಬದಲಿಸಿ ಹಂಚಬಹುದಾದ್ದರಿಂದ ಅವರ ಅನುಮತಿಯ ಅಗತ್ಯವಿರಲಿಲ್ಲ. ಆದರೂ ಕೇಳಿದೆವು, ಅವರು ಒಪ್ಪಿದ್ದಲ್ಲದೆ, ತಮ್ಮ ಮೂಲ ಕಡತಗಳನ್ನೂ ಗೆರೆಗಳ ದಪ್ಪದ ಕುರಿತ ಟಿಪ್ಪಣಿಗಳನ್ನೂ ಕಳುಹಿಸಿಕೊಟ್ಟರು. ಮೂಲ ಹೆಸರು ಕಾಯ್ದಿರಿಸಲ್ಪಟ್ಟಿರುವುದರಿಂದ ನಮ್ಮ ಆವೃತ್ತಿಗೆ ಬೇರೆ ಹೆಸರಿದೆ.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಜಾಗತಿಕ ಮಾನಕವಾದ ಯೂನಿಕೋಡಿನಲ್ಲಿ ಈ ಲಿಪಿಗೆ ಜಾಗ ದೊರಕಿಸಿಕೊಟ್ಟವರ ಋಣ ಇನ್ನೂ ದೊಡ್ಡದು. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿಯ 80 ಸಂಕೇತಗಳು ಸೇರಿದವು. ಅದಕ್ಕೂ ಮೊದಲು ನಾವು ಬಳಸುತ್ತಿದ್ದ ಫಾಂಟಿನಲ್ಲಿ ಕನ್ನಡ ಅಕ್ಷರಗಳ ಸ್ಥಾನದಲ್ಲೇ ತುಳು ರೂಪಗಳನ್ನು ಕೂರಿಸಲಾಗಿತ್ತು. ಅದರಲ್ಲಿ ಬರೆದದ್ದನ್ನು ಇನ್ನೊಬ್ಬರಿಗೆ ಕಳುಹಿಸಿದರೆ ಅವರ ಪರದೆಯ ಮೇಲೆ ಕನ್ನಡವೇ ಮೂಡುತ್ತಿತ್ತು. ಹೊಸ ಸಂಕೇತಗಳಲ್ಲಿ ವ್ಯಂಜನದಲ್ಲಿ ಸ್ವರವಿಲ್ಲವೆಂದು ತೋರಿಸುವ ಎರಡು ಬಗೆಯ ಹಲಂತಚಿಹ್ನೆಗಳಿಗೆ ಬೇರೆ ಬೇರೆ ಸ್ಥಾನಗಳಿವೆ. ಕನ್ನಡದ ಅರ್ಕಾವೊತ್ತು ರಕಾರ ಮತ್ತು ಹಲಂತ ಸೇರಿ ಮೂಡಿದರೆ, ಇಲ್ಲಿ ರೇಫಕ್ಕೇ, ಅಂದರೆ ಒತ್ತಕ್ಷರದ ಮೊದಲಲ್ಲಿ ಬರುವ ರಕಾರದ ಚಿಹ್ನೆಗೇ, ಸ್ವಂತ ಸ್ಥಾನವಿದೆ. ಹಸ್ತಪ್ರತಿಗಳನ್ನು ಇಷ್ಟು ಸೂಕ್ಷ್ಮವಾಗಿ ನೋಡಿ ಪ್ರಸ್ತಾವ ಬರೆದವರ ತಾಳ್ಮೆಗೆ ನಾವು ಋಣಿಗಳು.

ಆದರೆ ಸಂಕೇತ ಸಿಕ್ಕಿದ ಮಾತ್ರಕ್ಕೆ ಅಕ್ಷರ ಸಿಕ್ಕಂತಾಗುವುದಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯವು ತುಳು ಪುಸ್ತಕಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿತು. ಮುಂದೆಯೂ ಅದೇ ರೂಢಿಯಾಯಿತು. ಹೀಗಾಗಿ ತುಳುನಾಡಿನಲ್ಲೂ ಮಲೆನಾಡಿನಲ್ಲೂ ಹೆಚ್ಚಾಗಿ ಸಂಸ್ಕೃತ ಗ್ರಂಥಗಳನ್ನು ಹೊತ್ತು ಬಂದ ಈ ಲಿಪಿಯ ಮಾದರಿಗಳನ್ನು ನಾವು ಅಚ್ಚಿನ ಮೊಳೆಗಳಲ್ಲಲ್ಲ, ತಾಳೆಗರಿಗಳಲ್ಲೇ ಹುಡುಕಬೇಕಾಯಿತು. ಕಂಟದಿಂದ, ಅಂದರೆ ಗರಿಯ ಮೇಲೆ ಬರೆಯುವ ಮೊನಚಾದ ಲೋಹದ ಕಡ್ಡಿಯಿಂದ, ಕೊರೆದ ಗೆರೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ದಪ್ಪವಾಗಿರುತ್ತದೆ. ನಮ್ಮ ಕನ್ನಡ ಫಾಂಟಿನಲ್ಲಾದರೋ ಗೆರೆ ತಿರುವಿನಲ್ಲಿ ತೆಳ್ಳಗಾಗಿ ಇಳಿತದಲ್ಲಿ ದಪ್ಪವಾಗುತ್ತದೆ. ಎರಡೂ ಒಂದೇ ಪುಟದಲ್ಲಿ ಜೊತೆಯಾಗಿ ನಿಲ್ಲಬೇಕಾದರೆ ಎಲ್ಲಿ ಒತ್ತು, ಎಲ್ಲಿ ಸಡಿಲ?

ಇದಕ್ಕೆ ಉತ್ತರ ಕೊಟ್ಟವರು ಉಡುಪಿಯ ಕಡೆಯ ಹಿರಿಯರೊಬ್ಬರು. ಬಾಲ್ಯದಿಂದಲೂ ಮನೆಯ ಗ್ರಂಥಗಳನ್ನು ಓದಿ ಬಲ್ಲ ಅವರು, ಒಂದೊಂದು ಅಕ್ಷರವನ್ನೂ ಮೊದಲು ಗರಿಯ ಮೇಲೆ ಕೊರೆದು, ಬಳಿಕ ಅಗಲ ಮೊನೆಯ ಲೇಖನಿಯಿಂದ ಕಾಗದದ ಮೇಲೆ ನಿಧಾನವಾಗಿ ಬರೆದು ತೋರಿಸಿದರು. ಗೆರೆ ಎಲ್ಲಿ ಹೊರಡುತ್ತದೆ, ಕೈ ಯಾವ ಕಡೆಗೆ ತಿರುಗುತ್ತದೆ ಎಂಬುದು ತಿಳಿದ ಮೇಲೆ ದಪ್ಪ ಎಲ್ಲಿರಬೇಕೆಂಬುದು ತಾನಾಗಿ ಸ್ಪಷ್ಟವಾಯಿತು. ಕನ್ನಡದ ತಲೆಕಟ್ಟನ್ನು ಹೋಲುವ ಯಾವ ಅಲಂಕಾರವನ್ನೂ ಇಲ್ಲಿ ಸೇರಿಸಬಾರದೆಂಬ ಅವರ ಹಟವನ್ನು ನಾವು ಪೂರ್ತಿಯಾಗಿ ಒಪ್ಪಿದ್ದೇವೆ. ಇದು ಮಲಯಾಳವಲ್ಲವೇ ಎಂದು ಕೇಳುವವರು ಇನ್ನೂ ಇರುತ್ತಾರೆ. ‘ಗ್ರಂಥ’ ಎಂಬ ದಕ್ಷಿಣ ಭಾರತದ ಹಳೆಯ ಲಿಪಿಯಿಂದ ಬೆಳೆದ ಒಡಹುಟ್ಟುಗಳಲ್ಲಿ ಹೋಲಿಕೆ ಇರುವುದು ಸಹಜ.

ಅಕ್ಷರ ಜೋಡಣೆಯ ಹಾರ್ಫ್‌ಬಝ್ ತಂತ್ರಾಂಶವನ್ನು ರೂಪಿಸಿದವರಿಗೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆಯೇ ಎಂದು ಪುಟಪುಟವನ್ನೂ ಪರೀಕ್ಷಿಸಿದ ಗೆಳೆಯರಿಗೆ, ಮನೆಯ ಗರಿಗಳ ಚಿತ್ರ ತೆಗೆಯಲು ಬಿಟ್ಟ ಕುಟುಂಬಗಳಿಗೆ ಧನ್ಯವಾದಗಳು. ಹಳೆಯ ಫೋನುಗಳಲ್ಲಿ ಈಗಲೂ ಬರಿಯ ಚೌಕಗಳೇ ಕಾಣಬಹುದು. ದಪ್ಪಕ್ಷರದ ಆವೃತ್ತಿಯೂ ಬಾಕಿಯಿದೆ. ಒಪ್ಪಿಗೆ ಕೊಟ್ಟ ಎಲ್ಲರ ಹೆಸರುಗಳೂ ಫಾಂಟಿನ ಜೊತೆಗಿನ ಕಡತದಲ್ಲಿವೆ. ಹೆಸರು ಬೇಡವೆಂದವರಲ್ಲಿ ಆ ಹಿರಿಯರೂ ಒಬ್ಬರಾದ್ದರಿಂದ ಅವರಿಗೆ ಇಲ್ಲಿಂದಲೇ ನಮಸ್ಕಾರ ಸಲ್ಲಿಸುತ್ತೇವೆ.